ಡ್ರಾಯರಿನಲ್ಲಿ 316 ಡಿಸ್ಕು, ಪರದೆಯ ಮೇಲೆ 40 ಆಟ

ನನ್ನ ಹಾರ್ಡ್ ಡಿಸ್ಕಿನಲ್ಲಿ ‘ಸರಿ ಮಾಡಬೇಕು’ ಅಂತ ಒಂದು ಫೋಲ್ಡರ್ ಇತ್ತು. ಅದರೊಳಗೆ ‘ಸರಿ ಮಾಡಬೇಕು ಹೊಸದು’. ಅದರೊಳಗೆ ‘ಇದೇ ಕೊನೆ’. ಹತ್ತು ವರ್ಷದಿಂದ ನನ್ನ ಹಳೆಯ ಗೇಮ್ ಡಿಸ್ಕುಗಳಿಂದ ತೆಗೆದಿಟ್ಟ ಬ್ಯಾಕಪ್ಪುಗಳೆಲ್ಲ ಈ ಮೂರು ಹೊಂಡಗಳಲ್ಲಿ ಬಿದ್ದಿದ್ದವು.

ಒಂದು ರಾತ್ರಿ ಅರ್ಧ ಗಂಟೆ ಬಿಡುವು ಸಿಕ್ಕಿತು. ರಿಡ್ಜ್ ರೇಸರ್ ಅನ್ನುವ ಹಳೆಯ ಪ್ಲೇಸ್ಟೇಷನ್ ಕಾರ್ ರೇಸಿನ ಆಟ ಆಡೋಣ ಅಂತ ಕೂತೆ. ಹುಡುಕಿದರೆ ಮೂರು ಪ್ರತಿ ಸಿಕ್ಕವು. ಒಂದು ತೆರೆಯಲೇ ಇಲ್ಲ. ಇನ್ನೊಂದು ತೆರೆಯಿತು, ಕಾರೂ ಓಡಿತು, ಆದರೆ ಹಾಡಿಲ್ಲ. ಬರೀ ಇಂಜಿನ್ನಿನ ಸದ್ದು, ಟೈರಿನ ಕಿರುಚಾಟ. ಮೂರನೆಯದನ್ನು ತೆರೆಯುವ ಹೊತ್ತಿಗೆ ಬಿಡುವು ಮುಗಿದೇ ಹೋಗಿತ್ತು. ಇಷ್ಟೊಂದು ಇಟ್ಟುಕೊಂಡು ಒಂದನ್ನೂ ಆಡಲಾಗದ ಪರಿಸ್ಥಿತಿ ಬಂತಲ್ಲ ಅಂತ ನಗು ಬಂತು. ಸಿಟ್ಟೂ ಬಂತು.

ಹಾಡು ಎಲ್ಲಿ ಹೋಯಿತು ಅನ್ನುವುದನ್ನು ಹುಡುಕುತ್ತ ಹೋದಾಗಲೇ ಈ ಜೋಡಿಸುವ ಕೆಲಸ ಶುರುವಾಗಿದ್ದು.

ರಿಡ್ಜ್ ರೇಸರ್ ಡಿಸ್ಕಿನಲ್ಲಿ ಆಟ ಇರುವುದು ಮೊದಲ ಟ್ರ್ಯಾಕಿನಲ್ಲಿ. ಹಾಡುಗಳು ಅದರ ಹಿಂದೆ, ಮಾಮೂಲಿ ಆಡಿಯೊ ಸಿಡಿಯಲ್ಲಿ ಇರುವ ಹಾಗೆ, ಒಂದೊಂದೂ ಬೇರೆ ಬೇರೆ ಟ್ರ್ಯಾಕು. ಆಟ ಪೂರ್ತಿ ಮೆಮೊರಿಗೆ ಬಂದು ಕೂತುಬಿಡುತ್ತದೆ. ಆಮೇಲೆ ಡಿಸ್ಕಿನ ಕೆಲಸ ಹಾಡು ಹಾಡುವುದು ಮಾತ್ರ. ಅದಕ್ಕೇ ಅಸಲಿ ಪ್ಲೇಸ್ಟೇಷನ್ನಿನಲ್ಲಿ ಆಟ ಶುರುವಾದ ಮೇಲೆ ಡಿಸ್ಕ್ ತೆಗೆದು ನಮ್ಮದೇ ಹಾಡಿನ ಸಿಡಿ ಹಾಕಿದರೂ ರೇಸು ನಡೆಯುತ್ತಿತ್ತು. ಇಂಥ ಡಿಸ್ಕನ್ನು ಬ್ಯಾಕಪ್ ತೆಗೆದಾಗ ಎರಡು ಥರದ ಫೈಲು ಬರುತ್ತದೆ. ಬಿನ್ ಅನ್ನುವುದು ದೊಡ್ಡದು, ಡಿಸ್ಕಿನ ಮಾಲೆಲ್ಲ ಅದರಲ್ಲಿ. ಕ್ಯೂ ಅನ್ನುವುದು ನಾಲ್ಕಾರು ಸಾಲಿನ ಪಠ್ಯ. ಯಾವ ಟ್ರ್ಯಾಕು ಎಲ್ಲಿಂದ ಶುರು, ಅದು ಡೇಟಾನಾ ಆಡಿಯೊನಾ, ಇಷ್ಟೇ ಅದರಲ್ಲಿ ಬರೆದಿರುತ್ತದೆ.

ಈಗ ತಪ್ಪೊಪ್ಪಿಗೆ. ಯಾವುದೋ ಒಂದು ಮಧ್ಯಾಹ್ನ ಜಾಗ ಖಾಲಿ ಮಾಡುವ ಉತ್ಸಾಹದಲ್ಲಿ, ಒಂದು ಕೆಬಿಗಿಂತ ಚಿಕ್ಕದಾಗಿರುವ ಫೈಲುಗಳನ್ನೆಲ್ಲ ಒಟ್ಟಿಗೆ ಆರಿಸಿ ಅಳಿಸಿದವನು ನಾನೇ. ಕಸ ಅಂದುಕೊಂಡಿದ್ದೆ. ಕ್ಯೂ ಫೈಲುಗಳೆಲ್ಲ ಹೋದವು. ಉಳಿದ ಜಾಗ ಒಂದು ಫೋಟೋಗೂ ಸಾಲದು.

ಒಂದೇ ಟ್ರ್ಯಾಕಿನ ಆಟಗಳಿಗೆ ಕ್ಯೂ ಮತ್ತೆ ಬರೆಯುವುದು ಮೂರು ಸಾಲಿನ ಕೆಲಸ. ಹಾಡಿರುವ ಡಿಸ್ಕುಗಳದ್ದೇ ಕಷ್ಟ. ಟ್ರ್ಯಾಕಿಗೊಂದು ಬಿನ್ ಇದ್ದರೆ ಹೇಗೋ ಪೋಣಿಸಬಹುದು. ಎಲ್ಲ ಸೇರಿ ಒಂದೇ ಬಿನ್ ಆಗಿದ್ದರೆ ಹಾಡು ಎಲ್ಲಿ ಮುಗಿದು ಎಲ್ಲಿ ಶುರುವಾಗುತ್ತದೆ ಅಂತ ಯಾರು ಹೇಳಬೇಕು? ಅವನ್ನೆಲ್ಲ ಡಿಸ್ಕಿನಿಂದ ಮತ್ತೆ ಓದಿಸಿದೆ.

ರಿಡ್ಜ್ ರೇಸರಿನ ಮೂರು ಪ್ರತಿಗಳಲ್ಲಿ ತೆರೆಯದೇ ಹೋದದ್ದು ಐಎಸ್‌ಒ ಫೈಲು. ಅದರ ಕಥೆ ಬೇರೆ. ಐಎಸ್‌ಒ ಅಂದರೆ ಎಲ್ಲ ಡಿಸ್ಕಿಗೂ ಆಗುವ ಚೀಲ ಅಂತ ತುಂಬ ದಿನ ನಂಬಿದ್ದೆ. ಸಿಡಿಯಲ್ಲಿ ಮಾಹಿತಿ ಸೆಕ್ಟರ್ ಅನ್ನುವ ತುಂಡುಗಳಲ್ಲಿ ಇರುತ್ತದೆ, ಒಂದು ಸೆಕ್ಟರ್ ಅಂದರೆ 2352 ಬೈಟ್. ಸೆಕೆಂಡಿಗೆ ಇಂಥ 75 ಸೆಕ್ಟರ್ ಓದಬೇಕು. ಗುಣಿಸಿದರೆ 1,76,400 ಬೈಟ್. ಆಡಿಯೊ ಸಿಡಿಯಲ್ಲಿ ಒಂದು ಸೆಕೆಂಡಿನ ದನಿಯನ್ನು ಅಳೆದಿಟ್ಟ 44,100 ಸ್ಯಾಂಪಲ್‌ಗಳಿಗೆ, ಎರಡು ಚಾನೆಲ್ಲಿಗೆ, ತಲಾ ಎರಡು ಬೈಟಿನಂತೆ ಬೇಕಾಗುವುದು ಕೂಡ ಸರಿಯಾಗಿ ಅಷ್ಟೇ. ಅಂದರೆ ಸಿಡಿಯ ಅಳತೆಯನ್ನು ಹಾಡಿಗೆ ಅಂತಲೇ ಹೊಲಿದದ್ದು. ಡೇಟಾ ಆಮೇಲೆ ಬಂದ ಬಾಡಿಗೆದಾರ. ಹಾಡಿನಲ್ಲಿ ಒಂದು ಬೈಟ್ ತಪ್ಪಿದರೆ ಕಿವಿಗೆ ಗೊತ್ತಾಗುವುದಿಲ್ಲ, ಪ್ರೋಗ್ರಾಮಿನಲ್ಲಿ ತಪ್ಪಿದರೆ ಆಟವೇ ನಿಲ್ಲುತ್ತದೆ. ಹಾಗಾಗಿ ಡೇಟಾ ಸೆಕ್ಟರಿನಲ್ಲಿ 2048 ಬೈಟ್ ಮಾತ್ರ ಮಾಲಿಗೆ. ಉಳಿದ 304 ಬೈಟ್ ವಿಳಾಸಕ್ಕೆ ಮತ್ತು ತಪ್ಪು ತಿದ್ದುವುದಕ್ಕೆ.

ಐಎಸ್‌ಒ ಇಟ್ಟುಕೊಳ್ಳುವುದು ಆ 2048ನ್ನು ಮಾತ್ರ. ಪಿಎಸ್2ರ, ಅಂದರೆ ಎರಡನೇ ಪ್ಲೇಸ್ಟೇಷನ್ನಿನ, ಡಿವಿಡಿಗಳಿಗೆ ಅದು ಸಾಕು. ಮೊದಲನೆಯದಾದ ಪಿಎಸ್1ಕ್ಕೆ ಸಾಲದು. ಹಾಡಿನ ಟ್ರ್ಯಾಕುಗಳು ಅದರಲ್ಲಿ ಕೂರುವುದೇ ಇಲ್ಲ. ನಡುನಡುವೆ ಬರುವ ವಿಡಿಯೊ ದೃಶ್ಯಗಳ ದನಿ ಇನ್ನೊಂದು ಥರದ ಸೆಕ್ಟರಿನಲ್ಲಿ ಇರುತ್ತದೆ, ಅಲ್ಲಿ ಮಾಲಿಗೆ 2324 ಬೈಟ್. ಅದನ್ನು 2048ಕ್ಕೆ ಕತ್ತರಿಸಿದರೆ ದನಿ ಹರಿದುಹೋಗುತ್ತದೆ. ಹಾಗೆ ಕತ್ತರಿಸಿಟ್ಟ ಆಟಗಳು ನನ್ನ ಹತ್ತಿರ ಇಪ್ಪತ್ತರ ಮೇಲೆ ಇದ್ದವು. ಎಲ್ಲ ಅಳಿಸಿದೆ. ಈ ಸಲ ನೋಡಿಕೊಂಡು ಅಳಿಸಿದೆ.

ಡ್ರಾಯರಿನಲ್ಲಿ ಇದ್ದದ್ದು 316 ಡಿಸ್ಕು. ಎಲ್ಲವನ್ನೂ ಮೊದಲಿನಿಂದ ಓದಿಸುವುದು ಅಂತ ತೀರ್ಮಾನ ಮಾಡಿದೆ. ದಿನಕ್ಕೆ ನಾಲ್ಕೈದು. ಇನ್ನೊಬ್ಬರ ಡಿಸ್ಕು ಬೇಡ, ಎಲ್ಲಿಂದಲೋ ಇಳಿಸಿಕೊಂಡದ್ದೂ ಬೇಡ. ಸ್ವಂತ ಡಿಸ್ಕಿನ ಪ್ರತಿ ಇಟ್ಟುಕೊಳ್ಳುವ ಬಗ್ಗೆಯೂ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು ಇದೆ. ಅದನ್ನು ಅವರವರು ನೋಡಿಕೊಳ್ಳಬೇಕು. ನನ್ನ ಪ್ರತಿಗಳನ್ನು ನಾನು ಯಾರಿಗೂ ಕೊಡುವುದಿಲ್ಲ.

ಓದಿಸುವಾಗ ಕಲಿತ ಒಂದು ಮಾತು. ನಾವೆಲ್ಲ ಸಿಡಿಯ ಹೊಳೆಯುವ ಮುಖವನ್ನು ಜೋಪಾನ ಮಾಡುತ್ತೇವೆ, ಚಿತ್ರ ಇರುವ ಮುಖವನ್ನು ಹೇಗೆ ಬೇಕೋ ಹಾಗೆ ಮೇಜಿನ ಮೇಲೆ ಉಜ್ಜುತ್ತೇವೆ. ಆಗಬೇಕಿರುವುದು ಇದರ ಉಲ್ಟಾ. ಸಿಡಿ 1.2 ಮಿಲಿಮೀಟರ್ ದಪ್ಪ. ಮಾಹಿತಿ ಹೊತ್ತ ಅಲ್ಯುಮಿನಿಯಂ ಪದರ ಇರುವುದು ಚಿತ್ರದ ಕಡೆಗೆ, ತೆಳುವಾದ ಅರಗಿನ ಲೇಪದ ಕೆಳಗೆ. ಹೊಳೆಯುವ ಮುಖದಲ್ಲಿ ಗೀರು ಬಿದ್ದರೆ ಗೀರಿದ್ದು ಪ್ಲಾಸ್ಟಿಕ್ ಮಾತ್ರ. ಎಷ್ಟೋ ಸಲ ಅದನ್ನು ಉಜ್ಜಿ ನಯ ಮಾಡಬಹುದು. ಚಿತ್ರದ ಕಡೆ ಗೀರಿದರೆ ಮಾಹಿತಿಯೇ ಎದ್ದುಹೋಗುತ್ತದೆ. ಡಿವಿಡಿಯಲ್ಲಿ ಪದರ ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ, ಅಷ್ಟರಮಟ್ಟಿಗೆ ವಾಸಿ. ಒರೆಸುವಾಗಲೂ ಅಷ್ಟೇ. ಗಾಲಿಯ ಅರದಂತೆ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತ ತಿರುಗಿಸಬಾರದು. ಸುತ್ತಲೂ ಬಿದ್ದ ಗೀರು ಒಂದೇ ಹಾದಿಯಲ್ಲಿ ಉದ್ದಕ್ಕೂ ಮಾಹಿತಿ ಕೆಡಿಸುತ್ತದೆ. ಅಡ್ಡ ಬಿದ್ದ ಗೀರು ಒಂದೊಂದು ಸುತ್ತಿಗೆ ಒಂದು ಚೂರು ಮಾತ್ರ ಕೆಡಿಸುತ್ತದೆ, ಅದನ್ನು ತಿದ್ದುವ ಶಕ್ತಿ ಸಿಡಿಗೇ ಇದೆ.

ಓದಿಸಿದ್ದು ಸರಿ ಇದೆಯಾ ಅಂತ ತಿಳಿಯುವುದು ಹೇಗೆ? ಆಟ ತೆರೆಯಿತು ಅಂದ ಮಾತ್ರಕ್ಕೆ ಸರಿ ಅಲ್ಲ. ನಲವತ್ತು ಗಂಟೆಯ ಆಟ ಮೂವತ್ತೆಂಟನೇ ಗಂಟೆಯಲ್ಲಿ ಕೈಕೊಟ್ಟರೆ? ಇಲ್ಲಿ ರೀಡಂಪ್ ಅನ್ನುವ ಯೋಜನೆ ನನ್ನನ್ನು ಕಾಪಾಡಿತು. ಆಸಕ್ತರು ತಮ್ಮ ಡಿಸ್ಕುಗಳನ್ನು ಎಚ್ಚರಿಕೆಯಿಂದ ಓದಿಸಿ, ಪ್ರತಿ ಟ್ರ್ಯಾಕಿನ ಬೆರಳಚ್ಚನ್ನು ಅಲ್ಲಿ ದಾಖಲಿಸುತ್ತಾರೆ. ಬೆರಳಚ್ಚು ಅಂದರೆ ಸಿಆರ್‌ಸಿ32, ಎಂಡಿ5, ಶಾ-1 ಎಂಬ ಲೆಕ್ಕಗಳು. ಒಂದು ಬಿಟ್ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ನನ್ನ ಪ್ರತಿಯ ಸಂಖ್ಯೆ ಅಲ್ಲಿರುವುದಕ್ಕೆ ತಾಳೆಯಾದರೆ, ಎಲ್ಲೋ ಇರುವ ಗುರುತಿಲ್ಲದವರ ಡಿಸ್ಕೂ ನನ್ನ ಡಿಸ್ಕೂ ಒಂದೇ ಅಂತ ಆಯಿತು. ಪರದೆಯ ಮೇಲೆ ಹಸಿರು ಗುರುತು ಬಂದಾಗ ಆಗುವ ಖುಷಿ ಇದೆಯಲ್ಲ, ಕೆಲವು ಆಟ ಆಡಿದಾಗಲೂ ಅಷ್ಟು ಆಗಿಲ್ಲ.

ತಾಳೆಯಾಗದಿದ್ದರೆ ಡಿಸ್ಕೇ ಕೆಟ್ಟಿದೆ ಅಂತಲೂ ಅಲ್ಲ. ಪ್ರತಿ ಡ್ರೈವೂ ಆಡಿಯೊವನ್ನು ಒಂದಿಷ್ಟು ಸ್ಯಾಂಪಲ್ ಹಿಂದೆಮುಂದೆ ಓದುತ್ತದೆ. ಆ ಅಂತರವನ್ನು ಸರಿದೂಗಿಸದೇ ಓದಿಸಿದರೆ ಹಾಡಿನ ಟ್ರ್ಯಾಕುಗಳ ಸಂಖ್ಯೆ ಯಾವತ್ತೂ ತಾಳೆಯಾಗುವುದಿಲ್ಲ. ಇದು ತಿಳಿಯುವ ಮೊದಲು ಒಳ್ಳೆಯ ಡಿಸ್ಕುಗಳನ್ನು ಎಷ್ಟು ಬೈದಿದ್ದೇನೋ.

ಡ್ರೀಮ್‌ಕಾಸ್ಟ್ ಅನ್ನುವುದು ಸೆಗಾದವರ ಕನ್ಸೋಲು, ಅಂದರೆ ಟಿವಿಗೆ ಜೋಡಿಸುವ ಆಟದ ಯಂತ್ರ. ಅದರ ಡಿಸ್ಕುಗಳದ್ದು ಬೇರೆಯೇ ಜಾತಿ. ಜಿಡಿ-ರಾಮ್ ಅಂತ ಅದರ ಹೆಸರು, ಸುಮಾರು ಒಂದು ಜಿಬಿ ಹಿಡಿಯುತ್ತದೆ. ಕಂಪ್ಯೂಟರಿನ ಮಾಮೂಲಿ ಡ್ರೈವಿಗೆ ಕಾಣುವುದು ಒಳಗಿನ ಚಿಕ್ಕ ಭಾಗ ಮಾತ್ರ. ಆಟ ಇರುವುದು ಹೊರಗಿನ ದಟ್ಟವಾದ ಭಾಗದಲ್ಲಿ. ಅದನ್ನು ನಾನು ಕನ್ಸೋಲಿನ ಮೂಲಕವೇ ಓದಿಸಿದೆ. ನಿಧಾನ ಅಂದರೆ ನಿಧಾನ. ಒಂದು ಡಿಸ್ಕ್ ಹಾಕಿ ಮಲಗಿದರೆ ಬೆಳಗ್ಗೆ ಎದ್ದು ನೋಡುವುದು.

ಇನ್ನು ಹೆಸರಿಡುವ ವಿಚಾರ. ಮೊದಲು ಉತ್ಸಾಹದಿಂದ ಎಲ್ಲಕ್ಕೂ ಕನ್ನಡದಲ್ಲೇ ಹೆಸರಿಟ್ಟೆ. ಟಿವಿಗೆ ಜೋಡಿಸಿದ ಪುಟ್ಟ ಯಂತ್ರ ಅದಕ್ಕೆಲ್ಲ ಸಾಲುಸಾಲು ಚೌಕ ತೋರಿಸಿತು. ಕೊನೆಗೆ ರೀಡಂಪ್ ಪಟ್ಟಿಯಲ್ಲಿ ಇರುವ ಹೆಸರನ್ನೇ ಇಟ್ಟೆ: ಆಟದ ಹೆಸರು, ಪ್ರದೇಶ, ಡಿಸ್ಕಿನ ಸಂಖ್ಯೆ, ಪರಿಷ್ಕರಣೆ. ಸ್ವಂತ ಪದ್ಧತಿ ಕಟ್ಟುವುದರಲ್ಲಿ ಒಂದು ಹಮ್ಮು ಇರುತ್ತದೆ. ಎರಡು ವರ್ಷ ಬಿಟ್ಟು ನೋಡಿದರೆ ಅದು ನಮಗೇ ಅರ್ಥವಾಗುವುದಿಲ್ಲ.

ಪ್ರದೇಶ ಅಂದೆ. ಸುಮ್ನೆ ಬರೆಯುವ ಮಾತಲ್ಲ ಅದು. ಯುರೋಪಿನ ಡಿಸ್ಕುಗಳು ಅಲ್ಲಿನ 50 ಹರ್ಟ್ಸ್ ಟಿವಿಗಳಿಗೆ ಮಾಡಿದವು. ಜಪಾನ್, ಅಮೆರಿಕದವು 60 ಹರ್ಟ್ಸ್. ಆಟವನ್ನು 60ಕ್ಕೆ ಬರೆದು, ಹೊಂದಿಸದೇ 50ಕ್ಕೆ ಬಿಟ್ಟರೆ ಅದು ಸುಮಾರು 17% ನಿಧಾನವಾಗಿ ಓಡುತ್ತದೆ. ಹಾಡೂ ಎಳೆದ ಹಾಗೆ ಕೇಳುವುದುಂಟು. ಬಾಲ್ಯದಲ್ಲಿ ಯುರೋಪಿನ ಡಿಸ್ಕಿನಲ್ಲಿ ಆಡಿದವರಿಗೆ ಆ ನಿಧಾನವೇ ಅಸಲಿ ವೇಗ ಅನ್ನಿಸಿರುತ್ತದೆ. ಅವರಿಗೆ ಇದು ತಪ್ಪು ಅಂತ ಹೇಳುವುದು ಹೇಗೆ? ನಾನಂತೂ ಎರಡೂ ಇದ್ದಲ್ಲಿ ಆಡಲು 60ನ್ನೇ ಆರಿಸಿದೆ. ಅದೂ ಅಲ್ಲದೆ ಯುರೋಪಿನ ಕೆಲವು ಪಿಎಸ್1 ಡಿಸ್ಕುಗಳಲ್ಲಿ ಲಿಬ್‌ಕ್ರಿಪ್ಟ್ ಅನ್ನುವ, ನಕಲು ತಡೆಯುವ ಕಾವಲು ಇದೆ. ಅದರ ಗುಟ್ಟು ಸೆಕ್ಟರುಗಳ ಜೊತೆಗೆ ಪಕ್ಕದಲ್ಲಿ ಹರಿಯುವ ಸಬ್‌ಚಾನೆಲ್ಲಿನಲ್ಲಿ ಇರುತ್ತದೆ, ಬಿನ್ ಫೈಲಿಗೆ ಅದು ಬರುವುದಿಲ್ಲ. ಜೊತೆಗೆ ಎಸ್‌ಬಿಐ ಅನ್ನುವ ಇನ್ನೊಂದು ಪುಟಾಣಿ ಫೈಲು ಬೇಕು. ಒಂದು ಕೆಬಿಗಿಂತ ಚಿಕ್ಕದು. ನಾನು ಅಳಿಸಿದವುಗಳ ಪಟ್ಟಿಯಲ್ಲಿ ಅದೂ ಇತ್ತು ಅಂತ ಬೇರೆ ಹೇಳಬೇಕಾ!

ಪರಿಷ್ಕರಣೆಯನ್ನೂ ನಾನು ಹಗುರವಾಗಿ ನೋಡಿದ್ದೆ. ಗ್ರಾನ್ ಟುರಿಸ್ಮೊ 2 ಅಮೆರಿಕದಲ್ಲಿ 1999ರಲ್ಲಿ ಬಂದಾಗ ಒಂದು ದೋಷದಿಂದಾಗಿ ಆಟವನ್ನು 98.2%ಗಿಂತ ಮುಂದೆ ಮುಗಿಸಲಿಕ್ಕೇ ಆಗುತ್ತಿರಲಿಲ್ಲ. ಆಮೇಲಿನ ಮುದ್ರಣದಲ್ಲಿ ಸರಿಪಡಿಸಿದರು. ಪೆಟ್ಟಿಗೆ ಒಂದೇ ಥರ, ಆಟದ ಹೆಸರೂ ಒಂದೇ. ಒಳಗೆ ಮಾತ್ರ ಒಂದು ಮುಗಿಯುತ್ತದೆ, ಒಂದು ಮುಗಿಯುವುದಿಲ್ಲ. ಹಾಗಂತ ಹಳೆಯದನ್ನು ಬಿಸಾಡಬೇಕಾ? ಅದೂ ಒಂದು ಕಾಲದ ದಾಖಲೆ ಅಲ್ವಾ?

ಈ ಪ್ರಶ್ನೆಯ ಮುಂದೆ ನಾನು ತುಂಬ ದಿನ ನಿಂತೆ. ಎಲ್ಲ ಇಟ್ಟುಕೊಳ್ಳಬೇಕು ಅನ್ನುವ ನಾನು ಒಬ್ಬ. ಅರ್ಧ ಗಂಟೆ ಬಿಡುವಿನಲ್ಲಿ ಆಟ ಬೇಕು ಅನ್ನುವ ನಾನು ಇನ್ನೊಬ್ಬ. ಇಬ್ಬರನ್ನೂ ಒಂದೇ ಫೋಲ್ಡರಿನಲ್ಲಿ ಕೂರಿಸಲು ಹೋದದ್ದೇ ಇಷ್ಟು ವರ್ಷದ ಗೋಜಲು. ಹಾಗಾಗಿ ಮನೆ ಬೇರೆ ಮಾಡಿದೆ.

ಒಂದು ಉಗ್ರಾಣ. ಇದರಲ್ಲಿ ಎಲ್ಲ ಇದೆ. ಎಲ್ಲ ಪ್ರದೇಶ, ಎಲ್ಲ ಪರಿಷ್ಕರಣೆ, ಬಿನ್, ಕ್ಯೂ, ಎಸ್‌ಬಿಐ, ಡ್ರೀಮ್‌ಕಾಸ್ಟಿನ ಪ್ರತಿಯ ಜಿಡಿಐ ಫೈಲು, ಓದಿಸಿದಾಗ ಬಂದ ವರದಿ ಎಲ್ಲ. ಬರೆದ ಮೇಲೆ ಓದಲು ಮಾತ್ರ ಅಂತ ಬೀಗ ಹಾಕಿದ್ದೇನೆ. ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇದೆ, ಒಂದು ನಾನಿರುವ ಮನೆಯಲ್ಲಿ ಇಲ್ಲ. ಆರು ತಿಂಗಳಿಗೊಮ್ಮೆ ಬೆರಳಚ್ಚು ಮತ್ತೆ ತಾಳೆ ನೋಡುತ್ತೇನೆ. ಇದರ ಬಗ್ಗೆ ಹೇಳಲು ಇಷ್ಟೇ. ಉಗ್ರಾಣ ಬೇಸರದ ಜಾಗವಾಗಿರಬೇಕು.

ಇನ್ನೊಂದು ಆಡುವ ಕಪಾಟು. ಇದಕ್ಕೆ ಉಗ್ರಾಣದಿಂದ ಪ್ರತಿ ಬರುತ್ತದೆ, ಅದೂ ಸಿಎಚ್‌ಡಿ ರೂಪದಲ್ಲಿ. ಮೇಮ್ ಎಮ್ಯುಲೇಟರಿನವರು (ಎಮ್ಯುಲೇಟರ್ ಅಂದರೆ ಕಂಪ್ಯೂಟರನ್ನೇ ಹಳೆಯ ಆಟದ ಯಂತ್ರದಂತೆ ನಡೆಸುವ ಪ್ರೋಗ್ರಾಮು) ಮಾಡಿದ ಕುಗ್ಗಿಸುವ ವಿಧಾನ ಇದು. ಹತ್ತಾರು ಟ್ರ್ಯಾಕು, ಕ್ಯೂ ಎಲ್ಲ ಸೇರಿ ಒಂದೇ ಫೈಲು ಆಗುತ್ತದೆ, ಏನೂ ಕಳೆದುಹೋಗುವುದಿಲ್ಲ, ಬೇಕಾದರೆ ಮತ್ತೆ ಬಿಚ್ಚಬಹುದು. ನನಗೆ ಜಾಗ ಉಳಿದದ್ದಕ್ಕಿಂತ ಜಾಸ್ತಿ ಹಿಡಿಸಿದ್ದು ಅದು ಒಂದೇ ಫೈಲು ಅನ್ನುವುದು. ಕ್ಯೂ ಬೇರೆಯಾಗಿ ಇಲ್ಲದಿದ್ದರೆ ನನ್ನಂಥವನು ಅದನ್ನು ಅಳಿಸುವುದಾದರೂ ಹೇಗೆ? ಗೇಮ್‌ಕ್ಯೂಬ್ ಅನ್ನುವ ನಿಂಟೆಂಡೊ ಕನ್ಸೋಲಿನ ಡಿಸ್ಕುಗಳಿಗೆ ಮಾತ್ರ ಡಾಲ್ಫಿನ್ ಎಮ್ಯುಲೇಟರಿನ ಆರ್‌ವಿಜೆಡ್ ಬಳಸಿದೆ. ಆ ಪುಟ್ಟ ಡಿಸ್ಕುಗಳ ಪೂರ್ತಿ ಪ್ರತಿ ಯಾವಾಗಲೂ 1,45,99,78,240 ಬೈಟ್. ಆಟ ಎಷ್ಟೇ ಚಿಕ್ಕದಿರಲಿ, ಉಳಿದ ಜಾಗಕ್ಕೆ ಅಡ್ಡಾದಿಡ್ಡಿ ಅಂಕಿಗಳ ಹೊಟ್ಟು ತುಂಬಿರುತ್ತಾರೆ. ಅಡ್ಡಾದಿಡ್ಡಿಯನ್ನು ಮಾಮೂಲಿ ವಿಧಾನದಲ್ಲಿ ಕುಗ್ಗಿಸಲಾಗದು. ಆರ್‌ವಿಜೆಡ್ ಆ ಹೊಟ್ಟನ್ನು ಮತ್ತೆ ಹುಟ್ಟಿಸುವ ಸೂತ್ರವನ್ನು ಮಾತ್ರ ಇಟ್ಟುಕೊಳ್ಳುತ್ತದೆ.

ಒಂದಕ್ಕಿಂತ ಹೆಚ್ಚು ಡಿಸ್ಕಿನ ಆಟಗಳು ಕಪಾಟಿನಲ್ಲಿ ಒಂದೇ ಆಟವಾಗಿ ಕಾಣಬೇಕು. ಫೈನಲ್ ಫ್ಯಾಂಟಸಿ 7 ಅಂದರೆ ಮೂರು ಡಿಸ್ಕು, 8 ಮತ್ತು 9 ತಲಾ ನಾಲ್ಕು. ಎಂ3ಯು ಅನ್ನುವ ಪಠ್ಯ ಫೈಲಿನಲ್ಲಿ ಡಿಸ್ಕುಗಳ ಹೆಸರನ್ನು ಸಾಲಾಗಿ ಬರೆದರೆ ಮುಗಿಯಿತು. ಇದನ್ನು ಮಾಡದೇ ನಾನು ಒಮ್ಮೆ ಎರಡನೇ ಡಿಸ್ಕನ್ನು ನೇರವಾಗಿ ತೆರೆದಿದ್ದೆ. ಎಮ್ಯುಲೇಟರು ಅದನ್ನು ಹೊಸ ಆಟ ಅಂದುಕೊಂಡು ಹೊಸ ಮೆಮೊರಿ ಕಾರ್ಡು ಕೊಟ್ಟಿತು. ಖಾಲಿ. ಮೊದಲ ಡಿಸ್ಕಿನ ಅಷ್ಟೂ ಗಂಟೆ ಮಾಯವಾಯಿತು ಅಂತ ಎದೆ ಧಸಕ್ ಅಂದಿತ್ತು. ಉಳಿಸಿದ್ದೆಲ್ಲ ಮೊದಲ ಡಿಸ್ಕಿನ ಹೆಸರಿನ ಕಾರ್ಡಿನಲ್ಲಿ ಸುಮ್ಮನೆ ಕೂತಿತ್ತು ಅಂತ ಮರುದಿನ ಗೊತ್ತಾಯಿತು.

ಕಪಾಟಿನಲ್ಲಿ ಎಷ್ಟು ಆಟ ಇರಬೇಕು? 40 ಅಂತ ಗೆರೆ ಎಳೆದೆ. ಇದಕ್ಕೆ ಶಾಸ್ತ್ರ ಏನೂ ಇಲ್ಲ. ಟಿವಿ ಪರದೆಯಲ್ಲಿ ಎರಡು ಸಲ ಕೆಳಗೆ ಸರಿಸಿದರೆ ಪಟ್ಟಿ ಮುಗಿಯಬೇಕು, ಅಷ್ಟೇ. ಹೊಸದೊಂದು ಬರಬೇಕಾದರೆ ಹಳೆಯದೊಂದು ಹೋಗಬೇಕು. ಉಗ್ರಾಣ ಇದೆ ಅನ್ನುವ ಧೈರ್ಯದಿಂದ ಕೈ ನಡುಗದೇ ತೆಗೆಯುತ್ತೇನೆ. ಎಲ್ಲರೂ ಹೊಗಳುತ್ತಾರೆ ಅಂತ ಇಟ್ಟುಕೊಂಡು, ನಾನು ಮಾತ್ರ ಯಾವತ್ತೂ ಎರಡನೇ ಸಲ ತೆರೆಯದ ಆಟಗಳು ಮೊದಲು ಹೋದವು. ಅವು ಯಾವುವು ಅಂತ ಇಲ್ಲಿ ಬರೆದರೆ ಜಗಳ ಆಗುತ್ತದೆ.

ಜೋಡಿಸುವ ಕ್ರಮಕ್ಕೂ ಪರದಾಡಿದೆ. ಕನ್ಸೋಲಿನ ಪ್ರಕಾರ ಇಟ್ಟೆ. ಆಡಲು ಕೂತವನಿಗೆ ಇದು ಸ್ಯಾಟರ್ನಾ ಪಿಎಸ್2ನಾ ಅನ್ನುವುದು ಬೇಕಿಲ್ಲ. ರೇಸು, ಹೊಡೆದಾಟ, ಸಾಹಸ ಅಂತ ಇಟ್ಟೆ. ಶೆನ್ಮ್ಯೂ ಎಲ್ಲಿ ಸೇರಬೇಕು? ಅದರಲ್ಲಿ ಹೊಡೆದಾಟವಿದೆ, ಪತ್ತೇದಾರಿಯಿದೆ, ಫೋರ್ಕ್‌ಲಿಫ್ಟ್ ಓಡಿಸುವ ನೌಕರಿಯೂ ಇದೆ. ಕೊನೆಗೆ ಕಾಲದ ಪ್ರಕಾರ ಇಟ್ಟೆ. ಬಿಡುಗಡೆಯ ಕಾಲ ಅಲ್ಲ, ಅದು ನನ್ನಿಂದ ಕೇಳುವ ಕಾಲ. ‘ಅರ್ಧ ಗಂಟೆ’, ‘ಒಂದು ಭಾನುವಾರ’, ‘ಕೆಲವು ತಿಂಗಳು’. ಮೂರೇ ಫೋಲ್ಡರ್. ರಿಡ್ಜ್ ರೇಸರ್ ಮೊದಲನೆಯದರಲ್ಲಿ ಮೇಲೆಯೇ ಇದೆ. ‘ಕೆಲವು ತಿಂಗಳು’ ಅನ್ನುವುದರಲ್ಲಿ ಒಂದು ಸಲಕ್ಕೆ ನಾಲ್ಕಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ. ಈ ನಿಯಮವನ್ನು ಎರಡು ಸಲ ಮುರಿದಿದ್ದೇನೆ.

ಇಷ್ಟೆಲ್ಲ ಮಾಡಿದ ಮೇಲೂ ಡಿಸ್ಕಿನ ಪ್ರತಿ ಆಟದ ಪ್ರತಿ ಆಗುವುದಿಲ್ಲ ಅಂತ ಮೆಟಲ್ ಗಿಯರ್ ಸಾಲಿಡ್ ಅನ್ನುವ ಆಟ ತೋರಿಸಿತು. ಅದರಲ್ಲಿ ಒಂದು ಕಡೆ ಮೆರಿಲ್ ಎಂಬಾಕೆಗೆ ಕರೆ ಮಾಡಬೇಕು. ಅವಳ ರೇಡಿಯೊ ತರಂಗಾಂತರ ಸಿಡಿ ಪೆಟ್ಟಿಗೆಯ ಹಿಂದೆ ಇದೆ ಅನ್ನುತ್ತಾರೆ. ಆಟದೊಳಗಿನ ಪೆಟ್ಟಿಗೆ ಅಲ್ಲ, ನಮ್ಮ ಕೈಯಲ್ಲಿರುವ ಪ್ಲಾಸ್ಟಿಕ್ ಪೆಟ್ಟಿಗೆ. ಅದರ ಹಿಂದಿನ ಒಂದು ಚಿತ್ರದಲ್ಲಿ 140.15 ಅಂತ ಅಚ್ಚಾಗಿದೆ. ಪೆಟ್ಟಿಗೆ ಬಿಸಾಡಿ ಡಿಸ್ಕುಗಳನ್ನು ಮಾತ್ರ ಚೀಲದಲ್ಲಿ ಇಟ್ಟುಕೊಂಡವರು ಏನು ಮಾಡಬೇಕು? ಅದರಿಂದಾಗಿ ಈಗ ಪೆಟ್ಟಿಗೆಯ ಹಿಂದು ಮುಂದು, ಕೈಪಿಡಿಯ ಪುಟಗಳು ಎಲ್ಲವನ್ನೂ ಸ್ಕ್ಯಾನ್ ಮಾಡಿ ಉಗ್ರಾಣಕ್ಕೆ ಹಾಕುತ್ತೇನೆ. ಮಾನ್‌ಸ್ಟರ್ ರಾಂಚರ್ ಇನ್ನೂ ಮಜಾ. ಅದಕ್ಕೆ ಯಾವುದಾದರೂ ಸಿಡಿ ಹಾಕಿ ಅನ್ನುತ್ತದೆ, ಹಾಕಿದ ಸಿಡಿಯಿಂದ ಒಂದು ಪ್ರಾಣಿಯನ್ನು ಹುಟ್ಟಿಸುತ್ತದೆ. ಹಾಗಾದರೆ ನನ್ನ ಹಾಡಿನ ಸಿಡಿಗಳೂ ಆ ಆಟದ ಭಾಗವೇ. ಅವುಗಳಲ್ಲಿ ಆರನ್ನು ಪ್ರತಿ ಮಾಡಿ ‘ಪ್ರಾಣಿಗಳು’ ಅಂತ ಪಕ್ಕದಲ್ಲೇ ಇಟ್ಟಿದ್ದೇನೆ. ಫೀಫಾ 2001ರ ಡಿಸ್ಕನ್ನು ಉಜ್ಜಿ ಮೂಸಿದರೆ ಹುಲ್ಲಿನ ಮೈದಾನದ ವಾಸನೆ ಬರುತ್ತಿತ್ತು. ಅದಕ್ಕೆ ಮಾತ್ರ ಯಾವ ಫೈಲೂ ಇಲ್ಲ.

316ರಲ್ಲಿ 309 ಡಿಸ್ಕುಗಳಿಗೆ ಹಸಿರು ಗುರುತು ಬಂದಿದೆ. ಆರು ಡಿಸ್ಕುಗಳ ಆಸೆ ಬಿಟ್ಟಿದ್ದೇನೆ. ಉಳಿದ ಒಂದು, ಫೈನಲ್ ಫ್ಯಾಂಟಸಿ 8ರ ಮೂರನೇ ಡಿಸ್ಕು. ನಾನು ಆಡುತ್ತಿರುವ ಆಟ ಎರಡನೇ ಡಿಸ್ಕಿನ ಕೊನೆಗೆ ಬಂದು ನಿಂತಿದೆ. ಚಿತ್ರದ ಕಡೆ ಯಾವುದೋ ಚೂಪು ತಾಗಿದ ಗುರುತಿದೆ. ದೀಪಕ್ಕೆ ಹಿಡಿದರೆ ಅಲ್ಲಿ ಸೂಜಿಮೊನೆಯಷ್ಟು ಬೆಳಕು ತೂರಿ ಬರುತ್ತದೆ. ಸುಮಾರು 2.5 ಮಿಲಿಮೀಟರ್ ಉದ್ದದ ಹಾದಿ ಕೆಟ್ಟರೂ ಸಿಡಿಯ ತಿದ್ದುವ ಲೆಕ್ಕ ಅದನ್ನು ಪೂರ್ತಿ ತುಂಬಬಲ್ಲದು. ಇದು ಅದಕ್ಕಿಂತ ಚಿಕ್ಕದೇ ಇರಬೇಕು, ಆದರೆ ಸುತ್ತಲಿನ ಪದರವೂ ಸಡಿಲವಾದ ಹಾಗಿದೆ. ಮೊದಲ ಡ್ರೈವು 212 ಸೆಕ್ಟರ್ ಓದಲಾಗದು ಅಂದಿತು. ಹಳೆಯ ಲ್ಯಾಪ್‌ಟಾಪಿನಿಂದ ಬಿಚ್ಚಿದ ಇನ್ನೊಂದು ಡ್ರೈವು ಅದನ್ನು 41ಕ್ಕೆ ಇಳಿಸಿತು. ಎಂ3ಯು ಫೈಲಿನಲ್ಲಿ ಮೂರನೇ ಸಾಲು ಬರೆದೇ ಇಟ್ಟಿದ್ದೇನೆ. ಮೂರನೇ ಡ್ರೈವನ್ನು ಒಬ್ಬ ಗೆಳೆಯ ಕೊಡುತ್ತೇನೆ ಅಂದಿದ್ದಾನೆ, ನಾಳೆ ಹೋಗಿ ತರಬೇಕು.